ಹುಬ್ಬಳ್ಳಿಗೆ ಹೋಗುವ ಮುಂಚೆ ವಾಪಸ್ ಟಿಕೆಟ್ ನೋಡು

ಪ್ರೀತಿಯ ಗೆಳೆಯಾ,

ತಿಂಗಳಿಗೆರಡು ಸಲ ಆಫೀಸ್ ಕೆಲಸಕ್ಕೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಓಡಾಡಬೇಕು ಅಂತ ಬರೆದಿದ್ದೀಯಲ್ಲ, ಹೋಗುವುದು ದೊಡ್ಡ ವಿಷಯವಲ್ಲ. ಮೀಟಿಂಗ್ ಎಷ್ಟೊತ್ತಿಗೆ ಶುರುವಾಗುತ್ತೆ ಅನ್ನೋದು ಮೊದಲೇ ಗೊತ್ತಿರುತ್ತೆ, ಎಷ್ಟೊತ್ತಿಗೆ ಮುಗಿಯುತ್ತೆ ಅನ್ನೋದು ದೇವರಿಗೇ ಗೊತ್ತು. ಪೇಚಾಟವೆಲ್ಲ ವಾಪಸ್ ಬರುವಾಗಲೇ.

ಬೆಳಿಗ್ಗೆ 5.45ರ ಧಾರವಾಡ ವಂದೇ ಭಾರತ್ ನೋಡಿ ಆಸೆಪಡಬೇಡ. ಹುಬ್ಬಳ್ಳಿ ಮುಟ್ಟುವಾಗ ಹನ್ನೊಂದರ ಹತ್ತಿರ. ಅದೇ ಗಾಡಿ ಮಧ್ಯಾಹ್ನ ಒಂದೂವರೆ ಸುಮಾರಿಗೆ ಹಿಂದಕ್ಕೆ ಹೊರಡುತ್ತೆ. ನಡುವಿನ ಎರಡೂವರೆ ಗಂಟೆಯಲ್ಲಿ ಆಟೋ ಓಡಾಟ ಕಳೆದರೆ ಒಂದು ಸಹಿ ಹಾಕಿಸಬಹುದು, ಅಷ್ಟೇ. ಇಡೀ ದಿನದ ಕೆಲಸವಿದ್ದರೆ ರಾತ್ರಿ ರೈಲೇ ಸರಿ. ರಾಣಿ ಚೆನ್ನಮ್ಮ ರಾತ್ರಿ 11ರ ಹೊತ್ತಿಗೆ ಬಿಟ್ಟು ಬೆಳಗಾಗುವಷ್ಟರಲ್ಲಿ ಹುಬ್ಬಳ್ಳಿ ಸೇರಿಸುತ್ತೆ. ಸಮಯಗಳು ಆಗಾಗ ಬದಲಾಗುತ್ತವೆ, ಟಿಕೆಟ್ ಮಾಡಿಸುವಾಗ ಇನ್ನೊಮ್ಮೆ ನೋಡಿಕೋ.

ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತೆ. 2024ರ ನವೆಂಬರ್‌ಗೆ ಮೊದಲು 120 ಇತ್ತು. ವಾಪಸ್ ಬರಲು ಹುಬ್ಬಳ್ಳಿಯಿಂದಲೇ ಹೊರಡುವ ಗಾಡಿ ಇದ್ದರೆ ಅದನ್ನೇ ಮೊದಲು ನೋಡು. ಎಲ್ಲಿಂದಲೋ ಬರುವ ಗಾಡಿಯಲ್ಲಿ ನಡುವಿನ ಊರಿಗೆ ಸೀಟಿನ ಪಾಲು ಕಡಿಮೆ. ಅಲ್ಲಿ ಸಿಗುವ ವೇಟಿಂಗ್ ಲಿಸ್ಟ್ ಹೆಚ್ಚಾಗಿ ಆರ್‌ಎಲ್‌ಡಬ್ಲ್ಯೂಎಲ್ ಅಥವಾ ಪಿಕ್ಯೂಡಬ್ಲ್ಯೂಎಲ್, ಅಂದರೆ ನಡುವಿನ ಊರುಗಳ ಪಾಲಿನ ಕ್ಯೂ. ನಂಬರ್ 8 ಇದ್ದರೂ ಎಷ್ಟೋ ಸಲ ಅಲ್ಲಾಡುವುದಿಲ್ಲ. ಜಿಎನ್‌ಡಬ್ಲ್ಯೂಎಲ್ (ಗಾಡಿ ಹೊರಡುವ ಊರಿನ ಕ್ಯೂ) ಆದರೆ ಇಪ್ಪತ್ತಿದ್ದರೂ ಆಸೆ ಇಟ್ಟುಕೋಬಹುದು. ಹುಬ್ಬಳ್ಳಿಯಿಂದ ಸೀಟಿಲ್ಲ ಅಂದರೆ ಬೆಳಗಾವಿಯಿಂದ ಹುಡುಕು. ಅಲ್ಲಿಂದ ಟಿಕೆಟ್ ತೆಗೆದು, ಹತ್ತುವ ಸ್ಟೇಷನ್ ಹುಬ್ಬಳ್ಳಿ ಅಂತ ಕೊಡು. ಸ್ವಲ್ಪ ದುಡ್ಡು ಜಾಸ್ತಿ, ಆದರೆ ಮಲಗಿ ಬರಬಹುದು. ಇದನ್ನು ಕೊಡದೆ ಸುಮ್ಮನೆ ಹುಬ್ಬಳ್ಳಿಯಲ್ಲಿ ಹತ್ತಿದರೆ, ನೀನು ಬಂದಿಲ್ಲ ಅಂತ ಟಿಟಿಇ ಬರ್ತ್ ಬೇರೆಯವರಿಗೆ ಕೊಟ್ಟಿರಬಹುದು. ಮೆಜೆಸ್ಟಿಕ್ ಬದಲು ಯಶವಂತಪುರದಲ್ಲಿ ಹತ್ತುವಾಗಲೂ ಇದೇ ಮಾತು.

ತತ್ಕಾಲ್ (ಕೊನೆ ಗಳಿಗೆಯ ಕೋಟಾ) ತೆರೆಯುವುದು ಹಿಂದಿನ ದಿನ ಬೆಳಿಗ್ಗೆ, ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11ಕ್ಕೆ. ಆನ್‌ಲೈನ್ ಖಾತೆಗೆ ಆಧಾರ್ ಜೋಡಿಸಿರಲೇಬೇಕು. ಅದನ್ನು ಇವತ್ತೇ ಮಾಡಿ ಮುಗಿಸು, 9.58ಕ್ಕೆ ಒಟಿಪಿಗೆ ಕಾಯುತ್ತಾ ಕೂರಬೇಡ. ಕನ್ಫರ್ಮ್ ಆದ ತತ್ಕಾಲ್ ರದ್ದು ಮಾಡಿದರೆ ನಯಾಪೈಸೆ ಬರುವುದಿಲ್ಲ.

ಬಹಳ ಜನ ಎಡವುವುದು ನಡುರಾತ್ರಿಯ ಗಾಡಿಯಲ್ಲಿ. ಬುಧವಾರ 00.30ಕ್ಕೆ ಅಂದರೆ ನೀನು ಸ್ಟೇಷನ್‌ನಲ್ಲಿರಬೇಕಾದ್ದು ಮಂಗಳವಾರ ರಾತ್ರಿ. ಆ ಗಾಡಿ ತನ್ನ ಮೊದಲ ಸ್ಟೇಷನ್ ಬಿಟ್ಟದ್ದು ಮಂಗಳವಾರವಾದರೆ ತತ್ಕಾಲ್ ತೆರೆಯುವುದು ಸೋಮವಾರ. ಲೆಕ್ಕ ಯಾವಾಗಲೂ ಗಾಡಿ ಹೊರಡುವ ಊರಿನದು, ನಿನ್ನೂರಿನದಲ್ಲ.

ಚಾರ್ಟ್ (ಗಾಡಿ ಹೊರಡುವ ಮುಂಚಿನ ಸೀಟು ಪಟ್ಟಿ) ಆದ ಮೇಲೂ ವೇಟಿಂಗ್‌ನಲ್ಲೇ ಉಳಿದ ಆನ್‌ಲೈನ್ ಟಿಕೆಟ್ ತಾನಾಗಿ ರದ್ದಾಗುತ್ತೆ, ಅದನ್ನು ಹಿಡಿದು ಹತ್ತಿದರೆ ದಂಡ. ಆದರೆ ಅದೇ ಹೊತ್ತಿಗೆ ಖಾಲಿ ಉಳಿದ ಸೀಟುಗಳು ಚಾರ್ಟ್ ನಂತರದ ಕರೆಂಟ್ ಬುಕಿಂಗ್‌ಗೆ ಬರುತ್ತವೆ; ಮೀಟಿಂಗ್ ನಡುವೆಯೇ ಮೇಜಿನ ಕೆಳಗೆ ಮೊಬೈಲ್ ಹಿಡಿದು ನೋಡುತ್ತಿರು. ನೀನು ಹತ್ತುವ ಊರಿನಲ್ಲಿ ಗಾಡಿ 3 ಗಂಟೆಗಿಂತ ಹೆಚ್ಚು ತಡವಾಗಿ, ಬಸ್ಸಿಗೆ ಹೋಗುವ ಮನಸ್ಸಾದರೆ, ಗಾಡಿ ಹೊರಡುವ ಮುಂಚೆ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕು. ಪೂರ್ತಿ ಹಣ ವಾಪಸ್.

ಥರ್ಡ್ ಎಸಿಯಲ್ಲಿ ಎಂಟೆಂಟು ಬರ್ತಿನ ಲೆಕ್ಕ: 3, 6 ಅಪ್ಪರ್, 7 ಸೈಡ್ ಲೋಯರ್. ಬೆಳಿಗ್ಗೆ ನೇರ ಕೆಲಸಕ್ಕೆ ಹೋಗುವವನಿಗೆ ಅಪ್ಪರೇ ವಾಸಿ, ಯಾರೂ ಎಬ್ಬಿಸುವುದಿಲ್ಲ. 1ರಿಂದ 8 ಬಾಗಿಲ ಪಕ್ಕ. ರಾತ್ರಿಯಿಡೀ ಅದು ಬಡಿದುಕೊಳ್ಳುತ್ತಿರುತ್ತೆ. ಎಚ್ಚರವಾಗದ ಭಯವಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆಮಾಡಿ ಊರು ಬರುವ ಮುಂಚೆ ಎಬ್ಬಿಸುವ ಅಲರ್ಟ್ ಹಾಕಿಸು.

ಬರುವಾಗ ಗಾಡಿ ಬೆಂಗಳೂರಲ್ಲಿ ಎಲ್ಲಿ ನಿಲ್ಲುತ್ತೆ ಅಂತಲೂ ನೋಡು. ಎಸ್‌ಎಂವಿಟಿ (ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್) ಅಂದರೆ ಬೈಯಪ್ಪನಹಳ್ಳಿ ಕಡೆ, ಮೆಟ್ರೊ ಬಾಗಿಲಲ್ಲೇ ಇಲ್ಲ. ಯಶವಂತಪುರದಲ್ಲಿ ಇಳಿದರೆ ಹಸಿರು ಮಾರ್ಗ ಪಕ್ಕದಲ್ಲೇ.

ಎಸಿ ಟಿಕೆಟ್‌ಗೆ 5% ಜಿಎಸ್‌ಟಿ ಇದೆ. ಕಂಪನಿಯ ಜಿಎಸ್‌ಟಿ ನಂಬರನ್ನು ಬುಕ್ ಮಾಡುವಾಗಲೇ ತುಂಬು, ಇಲ್ಲದಿದ್ದರೆ ಅಕೌಂಟ್ಸ್‌ನವರು ಬಿಲ್ ಹಿಂದಕ್ಕೆ ಕಳಿಸುತ್ತಾರೆ. ನಂಬರ್ ಇಲ್ಲವಾದರೆ ಹೊರಡುವ ಮುಂಚೆ ಅವರಿಂದಲೇ ಬರೆಸಿಕೋ.

ಇಂತಿ ನಿನ್ನ
ಗೆಳೆಯ