ಗೋಲಾಗದ ಚೆಂಡಿಗೂ ಒಂದು ಓಟು

ಆತ್ಮೀಯ ಓದುಗರೇ, ನಮಸ್ಕಾರ.

ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಖಾಲಿ ಬಿಡುವುದು ಬೇಡ ಅಂತ ಒಂದು ಸಾಲಿನ ಪ್ರಶ್ನೆ ಹಾಕಿದೆವು: ನೀವು ಕಂಡ ಅತಿ ದೊಡ್ಡ ಫುಟ್‌ಬಾಲ್ ಆಟಗಾರ ಯಾರು? ಸಂಘದ ಲೆಕ್ಕಪತ್ರ ಅಚ್ಚಾದಾಗ ತುಟಿ ಬಿಚ್ಚದವರೆಲ್ಲ ಈ ಪ್ರಶ್ನೆಗೆ ಪುಟಗಟ್ಟಲೆ ಬರೆದಿದ್ದಾರೆ. ಒಂದೇ ಮನೆಯಿಂದ ಅಪ್ಪನದೊಂದು, ಮಗಳದೊಂದು ಪತ್ರ ಬಂದಿದೆ. ಅಪ್ಪನಿಗೆ ಮರಡೋನಾ, ಮಗಳಿಗೆ ಮೆಸ್ಸಿ. ಇಬ್ಬರೂ ‘ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ’ ಅಂತಲೇ ಮುಗಿಸಿದ್ದಾರೆ. ಆ ಮನೆಯಲ್ಲಿ ಊಟದ ಹೊತ್ತು ಹೇಗಿರುತ್ತದೋ ಗೊತ್ತಿಲ್ಲ.

ಪತ್ರಗಳನ್ನು ಓದುತ್ತಾ ಹೋದ ಹಾಗೆ ನನಗೆ ಸ್ವಲ್ಪ ಬೇಜಾರೂ ಆಯಿತು. ಕಾರಣ, ಮುಕ್ಕಾಲು ಪಾಲು ಪತ್ರಗಳಲ್ಲಿ ಬರೀ ಲೆಕ್ಕ. ಎಷ್ಟು ಗೋಲು, ಎಷ್ಟು ಕಪ್, ಎಷ್ಟು ಬ್ಯಾಲನ್ ಡಿ ಓರ್ (ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿ). ಆಟದ ಬಗ್ಗೆ ಒಂದು ಮಾತೂ ಇಲ್ಲ! ಬ್ಯಾಂಕಿನವರು ಪಾಸ್‌ಬುಕ್ ಎಂಟ್ರಿ ಹಾಕಿಕೊಟ್ಟ ಹಾಗಿತ್ತು.

ಲೆಕ್ಕ ಬೇಡ ಅಂತಲ್ಲ. 2012ರ ಒಂದೇ ವರ್ಷದಲ್ಲಿ ಮೆಸ್ಸಿ 91 ಗೋಲು ಹೊಡೆದದ್ದು ಸಣ್ಣ ಮಾತಲ್ಲ. ಅದಕ್ಕೂ ಮುಂಚೆ 1972ರಲ್ಲಿ ಗೆರ್ಡ್ ಮುಲ್ಲರ್ 85 ಹೊಡೆದಿದ್ದರು, ಅದನ್ನು ಮುಟ್ಟಲು ನಲವತ್ತು ವರ್ಷ ಯಾರಿಗೂ ಆಗಿರಲಿಲ್ಲ. ಆದರೆ ಲೆಕ್ಕ ಹಿಡಿದು ಜಗಳಕ್ಕೆ ಇಳಿದರೆ ಮೊದಲ ಹೆಜ್ಜೆಯಲ್ಲೇ ಕಾಲು ಹೂತುಹೋಗುತ್ತದೆ. ಪೆಲೆ ಹೆಸರಲ್ಲಿ ಗಿನ್ನೆಸ್ ದಾಖಲೆ 1363 ಪಂದ್ಯಗಳಲ್ಲಿ 1279 ಗೋಲು ಅನ್ನುತ್ತದೆ. ಅದರಲ್ಲಿ ಸ್ನೇಹಪಂದ್ಯ, ಪ್ರವಾಸದ ಪಂದ್ಯ ಎಲ್ಲ ಸೇರಿವೆ. ಅಧಿಕೃತ ಪಂದ್ಯಗಳು ಮಾತ್ರ ಅಂದರೆ ಏಳುನೂರು ಚಿಲ್ಲರೆಗೆ ಇಳಿಯುತ್ತದೆ. ‘ಸ್ನೇಹಪಂದ್ಯದ ಗೋಲನ್ನೂ ಎಣಿಸುತ್ತಾರಾ?’ ಅಂತ ಒಬ್ಬ ಯುವ ಓದುಗರು ಗೇಲಿ ಮಾಡಿದ್ದಾರೆ. ಆದರೆ ಆ ಕಾಲದಲ್ಲಿ ಪೆಲೆ ಆಡುತ್ತಿದ್ದ ಬ್ರೆಜಿಲ್‌ನ ಸ್ಯಾಂಟೋಸ್ ತಂಡ ಯುರೋಪಿಗೆ ಬಂದು ಆಡುತ್ತಿದ್ದ ಪ್ರವಾಸದ ಪಂದ್ಯಗಳಲ್ಲಿ ಎದುರಿಗೆ ಅಲ್ಲಿನ ಘಟಾನುಘಟಿ ಕ್ಲಬ್‌ಗಳೇ ಇರುತ್ತಿದ್ದವು. ಅದನ್ನು ಯಾವ ಖಾತೆಗೆ ಹಾಕೋಣ?

ಬ್ಯಾಲನ್ ಡಿ ಓರ್ ಕಥೆಯೂ ಅಷ್ಟೇ. ಮೆಸ್ಸಿಗೆ 8, ಕ್ರಿಸ್ಟಿಯಾನೊ ರೊನಾಲ್ಡೊಗೆ 5, ಪೆಲೆಗೆ ಸೊನ್ನೆ, ಮರಡೋನಾಗೆ ಸೊನ್ನೆ ಅಂತ ಒಬ್ಬರು ಪಟ್ಟಿ ಮಾಡಿ ಕಳಿಸಿದ್ದಾರೆ. 1956ರಲ್ಲಿ ಶುರುವಾದ ಈ ಪ್ರಶಸ್ತಿ ಸುಮಾರು ನಾಲ್ಕು ದಶಕ ಯುರೋಪಿನ ಆಟಗಾರರಿಗೆ ಮಾತ್ರ ಮೀಸಲಾಗಿತ್ತು. ಆ ಗೋಡೆ ಬಿದ್ದದ್ದು 1995ರಲ್ಲಿ. ಆ ವರ್ಷವೇ ಲೈಬೀರಿಯಾದ ಜಾರ್ಜ್ ವೇಯಾ ಗೆದ್ದರು. ಒಳಗೇ ಬಿಡದವರಿಗೆ ಬಹುಮಾನ ಬಂದಿಲ್ಲ ಅಂತ ದೂರಿದರೆ ಹೇಗೆ?

ಈ ಜಗಳ ತೀರ್ಮಾನ ಮಾಡಲು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಕೂಡ ಒಮ್ಮೆ ಕೈ ಹಾಕಿತ್ತು. 2000ದಲ್ಲಿ ‘ಶತಮಾನದ ಆಟಗಾರ’ನನ್ನು ಆರಿಸಲು ಇಂಟರ್ನೆಟ್ಟಿನಲ್ಲಿ ಓಟಿಗೆ ಬಿಟ್ಟರು. ಮರಡೋನಾ ಭಾರಿ ಅಂತರದಲ್ಲಿ ಗೆದ್ದರು. ಇದು ಹುಡುಗರ ಓಟು, ಪೆಲೆಯನ್ನು ನೋಡಿದವರು ಕಂಪ್ಯೂಟರ್ ಮುಂದೆ ಕೂರುವವರಲ್ಲ ಅಂತ ಗಲಾಟೆ ಎದ್ದಿತು. ಆಮೇಲೆ ಪರಿಣತರ ಸಮಿತಿಯನ್ನು ಕೇಳಿದರು. ಅವರು ಪೆಲೆ ಅಂದರು. ಕೊನೆಗೆ ಇಬ್ಬರಿಗೂ ಒಂದೊಂದು ಪ್ರಶಸ್ತಿ ಕೊಟ್ಟು ಕೈ ತೊಳೆದುಕೊಂಡರು. ಫಿಫಾಗೇ ಆಗದ್ದು ನಮ್ಮ ಸುದ್ದಿಪತ್ರಕ್ಕೆ ಆಗುತ್ತದೆ ಅನ್ನುವ ಭ್ರಮೆ ನನಗಿಲ್ಲ.

ಆದರೂ ಇಷ್ಟೊಂದು ಪತ್ರಗಳ ನಡುವೆ ನನಗೆ ತುಂಬಾ ಹಿಡಿಸಿದ ಒಂದು ಪತ್ರ ಇತ್ತು. ಬರೆದವರು ನಮ್ಮ ಹಿರಿಯ ಸದಸ್ಯರೊಬ್ಬರು. ಪೆಲೆಗೆ ಓಟು ಹಾಕಿದ್ದಾರೆ. ಆದರೆ ಪೆಲೆಯ ಒಂದು ಗೋಲನ್ನೂ ಹೇಳಿಲ್ಲ! ಅವರು ವರ್ಣಿಸಿರುವುದು ಪೆಲೆ ಹೊಡೆಯದೆ ಹೋದ ಗೋಲನ್ನು.

1970ರ ವಿಶ್ವಕಪ್, ಮೆಕ್ಸಿಕೊ. ಗ್ವಾದಲಹಾರಾದಲ್ಲಿ ಬ್ರೆಜಿಲ್ ಮತ್ತು ಉರುಗ್ವೆ ನಡುವಿನ ಸೆಮಿಫೈನಲ್. ಬ್ರೆಜಿಲ್‌ನ ತೊಸ್ತಾವೊ ಎಡಗಡೆಯಿಂದ ಒಂದು ಪಾಸ್ ಬಿಡುತ್ತಾರೆ. ಪೆಲೆ ಓಡಿ ಬರುತ್ತಿದ್ದಾರೆ. ಗೋಲ್‌ಕೀಪರ್ ಮಜುರ್ಕೀವಿಚ್ ಗೋಲು ಬಿಟ್ಟು ಮುಂದೆ ನುಗ್ಗುತ್ತಾರೆ. ಇಬ್ಬರೂ ಚೆಂಡಿಗೆ ಹತ್ತಿರ. ಇಂಥ ಹೊತ್ತಿನಲ್ಲಿ ಯಾರೇ ಆದರೂ ಚೆಂಡನ್ನು ಮುಟ್ಟಲೇಬೇಕು ಅಲ್ವಾ? ಪೆಲೆ ಮುಟ್ಟುವುದಿಲ್ಲ. ಚೆಂಡನ್ನು ಅದರ ಪಾಡಿಗೆ ಕೀಪರ್‌ನ ಒಂದು ಪಕ್ಕದಿಂದ ಹೋಗಲು ಬಿಟ್ಟು, ತಾವು ಇನ್ನೊಂದು ಪಕ್ಕದಿಂದ ಸುತ್ತಿ ಓಡುತ್ತಾರೆ. ಕೀಪರ್ ಇರುವ ಜಾಗದಲ್ಲೇ ಗಲಿಬಿಲಿ. ಪೆಲೆ ಆ ಕಡೆ ಹೋಗಿ ಮತ್ತೆ ಚೆಂಡನ್ನು ಹಿಡಿದು, ಮೈ ತಿರುಗಿಸುತ್ತಲೇ ಖಾಲಿ ಗೋಲಿನ ಕಡೆ ಹೊಡೆಯುತ್ತಾರೆ. ಚೆಂಡು ದೂರದ ಕಂಬದ ಪಕ್ಕದಲ್ಲೇ ಹೊರಗೆ ಹೋಗುತ್ತದೆ.

ಲೆಕ್ಕದ ಪುಸ್ತಕದಲ್ಲಿ ಇದು ಒಂದು ಗುರಿ ತಪ್ಪಿದ ಹೊಡೆತ, ಅಷ್ಟೇ. ಗೋಲಿಲ್ಲ, ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್) ಇಲ್ಲ. ಆದರೆ ಐವತ್ತು ವರ್ಷ ದಾಟಿದ ಮೇಲೂ ಜನ ಅದನ್ನು ಹುಡುಕಿ ನೋಡುತ್ತಾರೆ. ಆ ಪಂದ್ಯ 3-1ರಲ್ಲಿ ಬ್ರೆಜಿಲ್ ಗೆದ್ದಿತು. ಆ ಮೂರು ಗೋಲು ಯಾರದು ಅಂತ ಕೇಳಿ ನೋಡಿ, ಎಷ್ಟು ಜನ ಹೇಳುತ್ತಾರೆ.

ಇನ್ನೊಂದು ತಮಾಷೆ ಗೊತ್ತಾ? ಅದೇ 1970ರಲ್ಲಿ ಪೆಲೆ ಹೆಸರಿಗೆ ಅಂಟಿಕೊಂಡ ಇನ್ನೆರಡು ದೃಶ್ಯಗಳೂ ಗೋಲಲ್ಲ. ಚೆಕೊಸ್ಲೊವಾಕಿಯಾ ವಿರುದ್ಧ ಕೀಪರ್ ಮುಂದೆ ಬಂದದ್ದನ್ನು ನೋಡಿ ತಮ್ಮ ಅರ್ಧದಿಂದಲೇ ಎತ್ತಿ ಹೊಡೆದದ್ದು ಒಂದು. ಅದು ಸ್ವಲ್ಪದರಲ್ಲಿ ಹೊರಗೆ ಹೋಯಿತು. ಇಂಗ್ಲೆಂಡ್ ವಿರುದ್ಧ ತಲೆಯಿಂದ ನೆಲಕ್ಕೆ ಚಚ್ಚಿದ ಚೆಂಡು ಇನ್ನೊಂದು. ಗೋಲಾಯಿತು ಅಂದುಕೊಳ್ಳುವಷ್ಟರಲ್ಲಿ ಕೀಪರ್ ಗಾರ್ಡನ್ ಬ್ಯಾಂಕ್ಸ್ ಹಾರಿ ಅದನ್ನು ಕ್ರಾಸ್‌ಬಾರ್ ಮೇಲೆ ಕಳಿಸಿದರು. ನೆದರ್ಲೆಂಡ್ಸ್‌ನ ಯೋಹಾನ್ ಕ್ರೈಫ್ ಹೆಸರಿನ ‘ಟರ್ನ್’ (ತಿರುವು) ಕೂಡ ಹೀಗೇ. 1974ರ ವಿಶ್ವಕಪ್‌ನಲ್ಲಿ ಸ್ವೀಡನ್ನಿನ ಯಾನ್ ಊಲ್ಸನ್ ಮುಂದೆ, ಪಾಸ್ ಕೊಡುವವರ ಹಾಗೆ ಕಾಲೆತ್ತಿ, ಚೆಂಡನ್ನು ತಮ್ಮದೇ ನಿಂತ ಕಾಲಿನ ಹಿಂದಕ್ಕೆ ಎಳೆದುಕೊಂಡು ಇನ್ನೊಂದು ದಿಕ್ಕಿಗೆ ಹೊರಟೇಬಿಟ್ಟರು. ಪಂದ್ಯ ಮುಗಿದದ್ದು 0-0. ಈಗ ಪ್ರಪಂಚದ ಯಾವ ಮೂಲೆಯ ಕೋಚಿಂಗಿಗೆ ಹೋದರೂ ಮಕ್ಕಳಿಗೆ ಅದನ್ನು ಕಲಿಸುತ್ತಾರೆ.

ಅದಕ್ಕೇ ನನ್ನ ಪ್ರಕಾರ ಈ ಚರ್ಚೆಗೆ ಒಂದೇ ನಿಯಮ ಸಾಕು: ಹೆಸರು ಹೇಳುವವರು ಪಂದ್ಯವನ್ನೂ ಹೇಳಬೇಕು. ಯಾವ ಪಂದ್ಯದಲ್ಲಿ, ಯಾರ ಎದುರು, ಏನು ಮಾಡಿದರು? ಇದು ಹೇಳಲು ಬಾರದಿದ್ದರೆ ಅವರು ಆಟಗಾರನನ್ನು ನೋಡಿಲ್ಲ, ಸುಮ್ನೆ ಅಂಕಿ ಓದಿದ್ದಾರೆ ಅಂತ ಅರ್ಥ.

ಪಂದ್ಯ ಹೇಳಲು ಹೊರಟರೆ ಇನ್ನೊಂದು ಲಾಭವೂ ಇದೆ. ಆಗಿನ ಆಟ ಹೇಗಿತ್ತು ಅನ್ನುವುದು ಕಣ್ಣಿಗೆ ಬೀಳುತ್ತದೆ. 1966ರಲ್ಲಿ ಪೋರ್ಚುಗಲ್ ವಿರುದ್ಧ ಪೆಲೆಗೆ ಕಾಲಿನ ಮೇಲೆ ಏಟು ಬಿದ್ದು ಕುಂಟುತ್ತಲೇ ಆಡಿದರು. ಯಾಕೆ ಹೊರಗೆ ಕರೆಸಲಿಲ್ಲ? ಬದಲಿ ಆಟಗಾರ ಅನ್ನುವ ಪದ್ಧತಿಯೇ ಆಗ ವಿಶ್ವಕಪ್‌ನಲ್ಲಿ ಇರಲಿಲ್ಲ. ಹಳದಿ ಕಾರ್ಡು, ಕೆಂಪು ಕಾರ್ಡೂ ಇರಲಿಲ್ಲ. ಇವೆಲ್ಲ ಬಂದದ್ದು 1970ರಲ್ಲಿ. ಕಾರ್ಡು ಬಂದ ಮೇಲೂ 1982ರಲ್ಲಿ ಇಟಲಿಯ ಕ್ಲಾಡಿಯೊ ಜೆಂಟಿಲೆ ಮರಡೋನಾ ಬೆನ್ನು ಬಿಡದೆ ಕಾಡಿದರು. ಆ ಒಂದು ಪಂದ್ಯದಲ್ಲಿ ಮರಡೋನಾ ಮೇಲೆ 23 ಫೌಲ್ ಆದವು ಅಂತ ದಾಖಲೆ ಇದೆ. ಜೆಂಟಿಲೆ ಆಟ ಪೂರ್ತಿ ಮೈದಾನದಲ್ಲೇ ಇದ್ದರು. ಈಗಾದರೆ ಕೆಂಪು ಕಾರ್ಡು ಕಂಡು ಅರ್ಧ ಹೊತ್ತಿಗೇ ಸ್ನಾನಕ್ಕೆ ಹೋಗಿರುತ್ತಿದ್ದರು.

ಮೆಸ್ಸಿ ಅಭಿಮಾನಿಗಳು ಇಲ್ಲಿ ಮುಖ ಊದಿಸಿಕೊಳ್ಳಬೇಕಾಗಿಲ್ಲ. ಈಗಿನ ಡಿಫೆಂಡರ್‌ಗಳು ಆಗಿನವರಿಗಿಂತ ವೇಗವಾಗಿ ಓಡುತ್ತಾರೆ, ಕೂಟ ಕಟ್ಟಿಕೊಂಡು ಜಾಗ ಮುಚ್ಚುತ್ತಾರೆ, ಎದುರಾಳಿಯ ಪ್ರತಿ ಹೆಜ್ಜೆಯನ್ನೂ ಮುಂಚೆಯೇ ವೀಡಿಯೊದಲ್ಲಿ ನೋಡಿಕೊಂಡು ಬಂದಿರುತ್ತಾರೆ. ಒಂದು ಕಾಲದಲ್ಲಿ ಒದೆ ಜಾಸ್ತಿ, ಇನ್ನೊಂದು ಕಾಲದಲ್ಲಿ ಜಾಗ ಕಮ್ಮಿ. ಯಾವುದು ಕಷ್ಟ ಅಂತ ತೂಕ ಹಾಕುವ ತಕ್ಕಡಿ ನನ್ನ ಹತ್ತಿರ ಇಲ್ಲ.

ಇನ್ನು ನನ್ನ ಓಟು. ಸಂಪಾದಕರು ಜಾಣತನದಿಂದ ನುಣುಚಿಕೊಳ್ಳುತ್ತಾರೆ ಅನ್ನುವ ಆರೋಪ ಬರಬಾರದಲ್ಲ.

ಮರಡೋನಾಗೆ ಬಂದ ಪತ್ರಗಳಲ್ಲೆಲ್ಲ ಒಂದೇ ದಿನಾಂಕ: 1986ರ ಜೂನ್ 22. ವಿಶ್ವಕಪ್, ಮೆಕ್ಸಿಕೊದ ಅಸ್ತೆಕಾ ಮೈದಾನ, ನಡುಮಧ್ಯಾಹ್ನದ ಬಿಸಿಲು, ಎದುರಿಗೆ ಇಂಗ್ಲೆಂಡ್. ಕೈಯಿಂದ ಹೊಡೆದ ಆ ಮೊದಲ ಗೋಲಿನ ಬಗ್ಗೆ ನಾನು ವಕಾಲತ್ತು ಮಾಡುವುದಿಲ್ಲ, ಅದು ಮೋಸ. ನಾಲ್ಕೇ ನಿಮಿಷದ ನಂತರ ಎರಡನೆಯದು. ಜೊತೆ ಆಟಗಾರ ಎಕ್ಟರ್ ಎನ್ರಿಕೆ ಒಂದು ಸಾಧಾರಣ ಪಾಸ್ ಕೊಡುತ್ತಾರೆ, ಅದೂ ಅರ್ಜೆಂಟೀನಾದ ಅರ್ಧದಲ್ಲಿ. (ಅಷ್ಟು ಒಳ್ಳೆಯ ಪಾಸ್ ಕೊಟ್ಟಿದ್ದೇನೆ, ಗೋಲು ಹೊಡೆಯದಿದ್ದರೆ ಕೇಳಬೇಕಿತ್ತು ಅಂತ ಎನ್ರಿಕೆ ಆಮೇಲೆ ತಮಾಷೆ ಮಾಡುತ್ತಿದ್ದರಂತೆ.) ಮರಡೋನಾ ಗೋಲಿಗೆ ಬೆನ್ನು ಹಾಕಿ ನಿಂತಿದ್ದಾರೆ. ಒಂದು ಸುತ್ತು ತಿರುಗಿದ್ದೇ ತಡ, ಇಂಗ್ಲೆಂಡಿನ ಬಿಯರ್ಡ್ಸ್ಲಿ ಮತ್ತು ರೀಡ್ ಇಬ್ಬರೂ ಹಿಂದೆ. ರೀಡ್ ಅಟ್ಟಿಸಿಕೊಂಡು ಬರುತ್ತಾರೆ, ಸಿಗುವುದಿಲ್ಲ. ಬುಚರ್ ಎದುರಾಗುತ್ತಾರೆ, ಮರಡೋನಾ ಒಳಕ್ಕೆ ಸರಿಯುತ್ತಾರೆ. ಮುಂದೆ ಫೆನ್‌ವಿಕ್. ಇವರಿಗೆ ಆಟದ ಶುರುವಿನಲ್ಲೇ ಹಳದಿ ಕಾರ್ಡು ಸಿಕ್ಕಿತ್ತು, ಕಾಲು ಹಾಕಲು ಧೈರ್ಯ ಸಾಲಲಿಲ್ಲವೋ ಏನೋ. ಅವರನ್ನು ಹೊರಗಡೆಯಿಂದ ದಾಟಿ, ಕೀಪರ್ ಶಿಲ್ಟನ್ ಅವರನ್ನೂ ದಾಟಿ, ಹಿಂದಿನಿಂದ ಮತ್ತೆ ಜಾರಿ ಬಂದ ಬುಚರ್ ಕಾಲು ತಾಗುವ ಮುನ್ನ ಚೆಂಡನ್ನು ಒಳಕ್ಕೆ ತಳ್ಳುತ್ತಾರೆ. ಸುಮಾರು ಹತ್ತು ಸೆಕೆಂಡು, ಹನ್ನೊಂದು ಸ್ಪರ್ಶ, ಎಲ್ಲ ಎಡಗಾಲಿನದೇ. ಪಕ್ಕದಲ್ಲೇ ಪಾಸ್‌ಗೆ ಕಾಯುತ್ತಾ ಅವರದೇ ತಂಡದ ವಾಲ್ದಾನೊ ಓಡಿ ಬರುತ್ತಿದ್ದರು, ಪಾಪ.

ಇದಕ್ಕೆ ಎದುರಾಗಿ ನಾನು ಇಡುವುದು 2022ರ ಡಿಸೆಂಬರ್ 13. ಕತಾರ್ ವಿಶ್ವಕಪ್, ಕ್ರೊಯೇಷಿಯಾ ವಿರುದ್ಧ ಅರ್ಜೆಂಟೀನಾದ ಸೆಮಿಫೈನಲ್. ಮೆಸ್ಸಿಗೆ ಆಗ 35 ವರ್ಷ. ಎದುರಿಗೆ ಯೊಶ್ಕೊ ಗ್ವಾರ್ಡಿಯೊಲ್, ಮುಖಕ್ಕೆ ಕಪ್ಪು ಮಾಸ್ಕ್ ಹಾಕಿಕೊಂಡು ಆಡುತ್ತಿದ್ದ 20ರ ಹುಡುಗ, ಆ ಟೂರ್ನಿಯ ಒಳ್ಳೆಯ ಡಿಫೆಂಡರ್‌ಗಳಲ್ಲಿ ಒಬ್ಬ. ಬಲಗಡೆಯ ಗೆರೆಯ ಹತ್ತಿರ ಚೆಂಡು ಸಿಗುತ್ತದೆ. ವೇಗದಲ್ಲಿ ಮೆಸ್ಸಿ ಗೆಲ್ಲುವ ವಯಸ್ಸಲ್ಲ. ಅದು ಇಬ್ಬರಿಗೂ ಗೊತ್ತು. ಓಡುತ್ತಾರೆ, ನಿಲ್ಲುತ್ತಾರೆ, ಮತ್ತೆ ಓಡುತ್ತಾರೆ. ಹುಡುಗ ನಿಂತಾಗ ಇವರು ಹೊರಡುತ್ತಾರೆ, ಹುಡುಗ ಹೊರಟಾಗ ಇವರು ನಿಲ್ಲುತ್ತಾರೆ. ಬಾಕ್ಸ್ ಒಳಗೆ ಒಮ್ಮೆ ಬೆನ್ನು ತಿರುಗಿಸಿ, ಮತ್ತೆ ಹೊರಳಿ, ಕೊನೆಯ ಗೆರೆಯ ತನಕ ಹೋಗಿ, ಹಿಂದಕ್ಕೆ ಜೊತೆ ಆಟಗಾರ ಆಲ್ವಾರೆಸ್‌ಗೆ ಪಾಸ್. ಆಲ್ವಾರೆಸ್ ಕಾಲು ತಾಗಿಸಿದರು, 3-0. ಮೆಸ್ಸಿ ಹೆಸರಿಗೆ ಅಲ್ಲಿ ಗೋಲೂ ಬರಲಿಲ್ಲ.

ನನ್ನ ಓಟು ಇದಕ್ಕೆ. 1986ರ ಆ ಒಂದು ತಿಂಗಳ ಮರಡೋನಾ ಎತ್ತರಕ್ಕೆ ಯಾರೂ ಏರಿಲ್ಲ ಅಂತ ನನಗೂ ಗೊತ್ತು. ಆದರೆ ಮೆಸ್ಸಿಯನ್ನು ನಾನು ವಾರವಾರ ನೋಡಿದ್ದೇನೆ. ಸೋತದ್ದು, ಕುಂಟಿದ್ದು, ಪೆನಾಲ್ಟಿಯಲ್ಲಿ ಗೋಲು ತಪ್ಪಿದ್ದು, 2016ರಲ್ಲಿ ‘ಇನ್ನು ದೇಶಕ್ಕೆ ಆಡುವುದಿಲ್ಲ’ ಅಂದದ್ದು, ಮತ್ತೆ ಬಂದದ್ದು. ವೇಗ ಇಳಿದ ಹಾಗೆ ಆಟವನ್ನೇ ಬದಲಿಸಿಕೊಂಡದ್ದೂ ನೋಡಿದ್ದೇನೆ. ಅಷ್ಟು ವರ್ಷ ಒಬ್ಬ ಆಟಗಾರನನ್ನು ನೋಡಿದವರು ನ್ಯಾಯಾಧೀಶರಾಗಲು ಲಾಯಕ್ಕಲ್ಲ, ಒಪ್ಪುತ್ತೇನೆ.

ರೊನಾಲ್ಡೊ ಪಕ್ಷದವರಿಗೆ ಒಂದು ಮಾತು. ನಿಮ್ಮ ಪತ್ರಗಳೇ ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಸಿಟ್ಟಿನವು. ನಿಮ್ಮಲ್ಲಿ ಒಬ್ಬರು ಮಾತ್ರ ಲೆಕ್ಕ ಬಿಟ್ಟು 2018ರ ಏಪ್ರಿಲ್‌ನಲ್ಲಿ ಟುರಿನ್‌ನ ಬೈಸಿಕಲ್ ಕಿಕ್ (ಗಾಳಿಯಲ್ಲಿ ಹಿಮ್ಮುಖವಾಗಿ ಹಾರಿ ತಲೆಯ ಮೇಲಿಂದ ಹೊಡೆಯುವ ಒದೆ) ಬಗ್ಗೆ ಬರೆದಿದ್ದಾರೆ. ಅದನ್ನು ನೋಡಿ ಎದುರಾಳಿ ಯುವೆಂಟಸ್ ತಂಡದ ಅಭಿಮಾನಿಗಳೇ ಎದ್ದು ನಿಂತು ಚಪ್ಪಾಳೆ ತಟ್ಟಿದರಲ್ಲ, ಆ ಪಂದ್ಯ. ಉಳಿದ ನಿಮ್ಮ ಅಷ್ಟೂ ಅಂಕಿಗಳಿಗಿಂತ ನನ್ನನ್ನು ಅಲುಗಾಡಿಸಿದ್ದು ಅದೊಂದೇ ಪತ್ರ.

ಬಂದ ಪತ್ರಗಳಲ್ಲಿ ಕಾಣದೆ ಹೋದವರ ಬಗ್ಗೆಯೂ ಹೇಳಬೇಕು. ಗೋಲ್‌ಕೀಪರ್‌ಗೆ ಒಂದೂ ಓಟಿಲ್ಲ. ಆಶ್ಚರ್ಯವೇನಿಲ್ಲ, ಬ್ಯಾಲನ್ ಡಿ ಓರ್ ಗೆದ್ದ ಗೋಲ್‌ಕೀಪರ್ ಕೂಡ ಒಬ್ಬರೇ, 1963ರಲ್ಲಿ ಲೆವ್ ಯಾಶಿನ್. ಡಿಫೆಂಡರ್‌ಗಳಾದ ಮಾಲ್ದಿನಿ, ಬೆಕೆನ್‌ಬಾವರ್ ಹೆಸರು ಎಲ್ಲೂ ಇಲ್ಲ. ಬ್ರೆಜಿಲ್‌ನ ಆಟಗಾರ್ತಿ ಮಾರ್ತಾ ಹೆಸರು ಒಬ್ಬ ಹುಡುಗಿ ಮಾತ್ರ ಬರೆದಿದ್ದಾಳೆ. ವಿಶ್ವಕಪ್‌ಗಳಲ್ಲಿ ಮಾರ್ತಾ ಹೊಡೆದದ್ದು 17 ಗೋಲು. ಗಂಡಸರ ವಿಶ್ವಕಪ್‌ನಲ್ಲಿ 2022ರವರೆಗಿನ ದಾಖಲೆ ಮಿರೊಸ್ಲಾವ್ ಕ್ಲೋಸಾ ಅವರ 16. ಲೆಕ್ಕವನ್ನೇ ನಂಬುವ ನಮ್ಮ ಓದುಗರಿಗೆ ಈ ಲೆಕ್ಕ ಯಾಕೋ ಕಾಣಲಿಲ್ಲ!

ಆದ್ದರಿಂದ ಮುಂದಿನ ಸಂಚಿಕೆಗೆ ಪ್ರಶ್ನೆ ಬದಲಾಗಿದೆ: ನೀವು ಕಂಡ ಅತಿ ದೊಡ್ಡ ಡಿಫೆಂಡರ್ ಅಥವಾ ಗೋಲ್‌ಕೀಪರ್ ಯಾರು? ಒಂದು ಪುಟ ಮೀರಬೇಡಿ. ಪಂದ್ಯದ ಹೆಸರು, ಇಸವಿ ಕಡ್ಡಾಯ. ಮೊದಲು ಹೇಳಿದ ಆ ಅಪ್ಪ-ಮಗಳು ಬೇಕಿದ್ದರೆ ಈ ಸಲ ಜಂಟಿಯಾಗಿ ಒಂದೇ ಪತ್ರ ಕಳಿಸಬಹುದು, ಒಮ್ಮತಕ್ಕೆ ಬಂದರೆ.

– ಸಂಪಾದಕ