ತಿಪ್ಪಗೊಂಡನಹಳ್ಳಿ ನೀರು ಕೊಡುವ ಮೊದಲು ಪಿಟ್‌ಗಳ ಲೆಕ್ಕ ಕೊಡಿ: ನಗರಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ತಿಪ್ಪಗೊಂಡನಹಳ್ಳಿ ಜಲಾಶಯದ ನೀರನ್ನು ಮತ್ತೆ ಬೆಂಗಳೂರಿಗೆ ಕೊಡಬೇಕು ಅನ್ನುವ ನಿಮ್ಮ ಸರ್ಕಾರದ ಉದ್ದೇಶ ಒಳ್ಳೆಯದು. 1933ರಲ್ಲಿ ಅರ್ಕಾವತಿ, ಕುಮುದ್ವತಿ ಸೇರುವ ಜಾಗದಲ್ಲಿ ಕಟ್ಟಿದ ಜಲಾಶಯ ಅದು. ಕಾವೇರಿ ನೀರು ಬರುವ ಎಷ್ಟೋ ವರ್ಷ ಮೊದಲಿನಿಂದ ಊರಿಗೆ ನೀರು ಕುಡಿಸಿತು. ಒಳಹರಿವು ಬತ್ತಿತು, ಬಂದಷ್ಟು ನೀರೂ ಕೆಟ್ಟಿತು, 2012ರಲ್ಲಿ ಸರಬರಾಜು ನಿಂತಿತು. ಈಗ ಎತ್ತಿನಹೊಳೆ ನೀರನ್ನು ಅಲ್ಲಿಗೆ ತರುವ ಮಾತಿದೆ. ಪೈಪು, ಪಂಪು, ಶುದ್ಧೀಕರಣ ಘಟಕದ ಬಗ್ಗೆ ಬೇಕಾದಷ್ಟು ಚರ್ಚೆ ಆಗುತ್ತಿದೆ. ಮಾಗಡಿ ರಸ್ತೆಯ ಕಡೆ ವಾಸ ಮಾಡುವ ನಾನು ಕೇಳಬೇಕೆಂದಿರುವುದು ಮನೆಗಳ ಹಿಂದಿರುವ, ಶೌಚಾಲಯದ ನೀರು ಹೋಗಿ ಸೇರುವ ಪಿಟ್‌ಗಳ ಬಗ್ಗೆ.

2003ರ ನವೆಂಬರ್‌ನಲ್ಲಿ ಸರ್ಕಾರ ಈ ಜಲಾನಯನಕ್ಕೆ, ಅಂದರೆ ಜಲಾಶಯಕ್ಕೆ ನೀರು ಹರಿದು ಬರುವ ಇಡೀ ಪ್ರದೇಶಕ್ಕೆ, ಒಂದು ಆದೇಶ ಹೊರಡಿಸಿತು. ಪ್ರದೇಶವನ್ನು ನಾಲ್ಕು ವಲಯ ಮಾಡಿ, ಜಲಾಶಯದ ಸುತ್ತ 2 ಕಿ.ಮೀ. ಮತ್ತು ನದಿಗಳ ಎರಡೂ ದಡದಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ಹೇಳಿತು. ಆಮೇಲೆ ಅದನ್ನು ಸಡಿಲ ಮಾಡಿದ್ದೂ ಆಯಿತು. ಬಫರ್, ಅಂದರೆ ನೀರಿನ ಪಕ್ಕ ಏನೂ ಕಟ್ಟದೆ ಬಿಡುವ ಅಂಚು, ಎಷ್ಟಿರಬೇಕು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಆದರೆ ಜಲಾನಯನ ಸುಮಾರು 1,450 ಚದರ ಕಿ.ಮೀ. ಇದೆ. ದೊಡ್ಡಬಳ್ಳಾಪುರ, ನೆಲಮಂಗಲ ಎಲ್ಲ ಅದರೊಳಗೇ ಬರುತ್ತವೆ. ಅಲ್ಲಿ ಏಳುತ್ತಿರುವ ಎಷ್ಟೋ ಬಡಾವಣೆಗಳಿಗೆ ಯುಜಿಡಿ (ಒಳಚರಂಡಿ) ಲೈನೇ ಇಲ್ಲ. ಪ್ಲ್ಯಾನ್‌ನಲ್ಲಿ ‘ಸೆಪ್ಟಿಕ್ ಟ್ಯಾಂಕ್’ ಅಂತ ಬರೆದಿರುತ್ತಾರೆ. ನೆಲದೊಳಗೆ ಇರುವುದು ಸಿಮೆಂಟ್ ರಿಂಗ್ ಇಳಿಸಿದ, ತಳವೇ ಇಲ್ಲದ ಗುಂಡಿ.

ಇದಕ್ಕೆ ನಿಯಮ ಇಲ್ಲವೇ? ಇದೆ. ಭಾರತೀಯ ಮಾನಕ ಐಎಸ್ 2470ರ ಪ್ರಕಾರ ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ಇಂಗಿಸುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಬೇಕು. 18 ಮೀಟರ್ ಅಂದರೆ 59 ಅಡಿ. ಈಗ ಒಂದು 30x40 ಸೈಟ್ ತೆಗೆದುಕೊಳ್ಳಿ. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ 50 ಅಡಿ. ಈ ಮೂಲೆಯಲ್ಲಿ ಬೋರ್‌ವೆಲ್, ಆ ಮೂಲೆಯಲ್ಲಿ ಪಿಟ್ ಇಟ್ಟರೂ ನಿಯಮ ಮುರಿದಂತೆಯೇ ಆಯಿತು. ಪಕ್ಕದ ಮನೆಯವರ ಬೋರ್‌ವೆಲ್ ಬೇರೆ ಇದೆ, ಅದನ್ನು ಯಾರು ಅಳೆಯುತ್ತಾರೆ? ಇದಕ್ಕೆ ದೊಡ್ಡ ಎಂಜಿನಿಯರ್ ಬೇಕಿಲ್ಲ, ಹೈಸ್ಕೂಲಿನ ಪೈಥಾಗೊರಸ್ ಸಾಕು. ಆದರೂ ಇಂಥ ಸೈಟುಗಳ ಪ್ಲ್ಯಾನ್‌ಗೆ ಸೀಲು ಬೀಳುತ್ತಲೇ ಇದೆ.

ಆ 18 ಮೀಟರ್ ಕೂಡ ಒಂದು ಪಿಟ್ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಅಳತೆ. ಟ್ಯಾಂಕ್ ಮಾಡುವುದು ಗಟ್ಟಿ ಭಾಗವನ್ನು ಕೆಳಗೆ ಕೂರಿಸುವ ಕೆಲಸ ಮಾತ್ರ. ಹೊರಬರುವ ನೀರಿನಲ್ಲಿ ರೋಗಾಣು, ಅಮೋನಿಯಾ ಎಲ್ಲ ಇರುತ್ತವೆ. ರೋಗಾಣುಗಳನ್ನು ತಡೆಯಬೇಕಾದದ್ದು ಮಣ್ಣು. ನಮ್ಮ ಕಡೆ ಮಣ್ಣಿನ ಕೆಳಗೆ ಬಿರುಕು ಬಿಟ್ಟ ಬಂಡೆ. ಆಳದ ಗುಂಡಿಯ ನೀರು ಬಿರುಕಿಗೆ ಸಿಕ್ಕಿತೆಂದರೆ ಸೋಸುವವರೇ ಇಲ್ಲ. ಇನ್ನು ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು ಅಂತ ಮಾನಕ ಹೇಳುತ್ತದೆ. ಬಡಾವಣೆ ತುಂಬ ಪಿಟ್‌ಗಳಿದ್ದರೆ ಆ ಮಿತಿ ಉಳಿಯುವುದಾದರೂ ಹೇಗೆ?

ಮಳೆಗಾಲದಲ್ಲಿ ಪಿಟ್ ತುಂಬಿ ಚರಂಡಿಗೆ ಹರಿಯುತ್ತದೆ. ಚರಂಡಿ ಕಾಲುವೆಗೆ, ಕಾಲುವೆ ಕೆರೆಗೆ, ಕೋಡಿ ಬಿದ್ದರೆ ಅರ್ಕಾವತಿಗೆ. ಹಾಗಾಗಿ ನದಿಯಿಂದ ಇಷ್ಟು ದೂರ ಅಂತ ಗೆರೆ ಎಳೆದು ಕೂತರೆ ಪ್ರಯೋಜನ ಕಡಿಮೆ. ಗ್ರಾಮ ನಕ್ಷೆಯಲ್ಲಿರುವ ಪ್ರತಿ ಹಳ್ಳ, ಕಾಲುವೆ, ಕೆರೆಯಿಂದ ಪಿಟ್ ಎಷ್ಟು ಅಡಿ ದೂರ ಅನ್ನುವುದನ್ನು ಪ್ಲ್ಯಾನ್‌ನಲ್ಲೇ ತೋರಿಸುವಂತೆ ಮಾಡಿ. ಸರ್ವೇಯರ್ ಅಳೆದು ಸಹಿ ಹಾಕಲಿ.

ಬಫರ್ ಅಂದ ಕೂಡಲೇ ಅಲ್ಲಿನ ರೈತರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ನೀರು ಕುಡಿಯುವವರು ಬೆಂಗಳೂರಿನವರು, ಜಮೀನು ಕಟ್ಟಿಹಾಕಿಕೊಂಡು ಕೂರುವವರು ಇವರು. ನ್ಯೂಯಾರ್ಕ್‌ನಲ್ಲೂ ಇದೇ ಜಗಳ ಇತ್ತು. 1997ರ ನಿಯಮಗಳಲ್ಲಿ ಸೆಪ್ಟಿಕ್ ಟ್ಯಾಂಕಿನ ನೀರು ಇಂಗಿಸುವ ಹೊಸ ಜಾಗ ಜಲಾಶಯದಿಂದ 300 ಅಡಿ, ತೊರೆಗಳಿಂದ 100 ಅಡಿ ದೂರ ಇರಬೇಕು ಅಂದರು. ಜೊತೆಗೆ, ಮೇಲ್ಭಾಗದ ಊರುಗಳಲ್ಲಿ ಕೆಟ್ಟ ಸೆಪ್ಟಿಕ್ ವ್ಯವಸ್ಥೆ ಸರಿಪಡಿಸಲು ನಗರವೇ ದುಡ್ಡು ಕೊಟ್ಟಿತು. ನ್ಯೂಯಾರ್ಕ್ ಇವತ್ತಿಗೂ ತನ್ನ ಬಹುಪಾಲು ನೀರನ್ನು ಸೋಸದೆ ಕುಡಿಯುತ್ತಿದೆ. ನಮ್ಮ ನೀರಿನ ಬಿಲ್ಲಿನ ಒಂದು ಸಣ್ಣ ಪಾಲು ನೆಲಮಂಗಲ, ಮಾಗಡಿ ಕಡೆಯ ಹಳ್ಳಿಗಳಿಗೆ ಹೋಗಲಿ, ನಾನಂತೂ ಕೊಡಲು ಸಿದ್ಧ.

ಹೊಸ ಬಡಾವಣೆಗಳಿಗೆ ಇಷ್ಟು ಮೆದುವಾಗಿರಬೇಕಿಲ್ಲ. ಈ ಜಲಾನಯನದಲ್ಲಿ ಮನೆಗೊಂದು ಪಿಟ್ ನಂಬಿಕೊಂಡ ಬಡಾವಣೆಗೆ ಒಪ್ಪಿಗೆಯೇ ಬೇಡ. ಒಳಚರಂಡಿ ಲೈನ್ ಹಾಕಿ, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಓಡಿಸಿ ತೋರಿಸಿದ ಮೇಲೆ ಸೈಟ್ ಬಿಡುಗಡೆ ಮಾಡಿ. ಬ್ರೋಷರ್‌ನಲ್ಲಿ ‘ಲೇಕ್ ವ್ಯೂ’ ಅಂತ ಹಾಕುವವರಿಗೆ ಲೇಕ್ ಉಳಿಸುವ ಖರ್ಚೂ ಇರಲಿ, ಅಲ್ವಾ?

ಪಿಟ್ ಖಾಲಿ ಮಾಡುವ ಸಕ್ಕಿಂಗ್ ಗಾಡಿಗಳದ್ದು ಇನ್ನೊಂದು ಕಥೆ. ಲೋಡ್ ತುಂಬಿಸಿದ್ದು ಎಲ್ಲರಿಗೂ ಕಾಣುತ್ತದೆ, ಸುರಿದದ್ದು ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲೇ ಪಿಟ್ ಕೆಸರನ್ನು ಸಂಸ್ಕರಿಸುವ ಘಟಕ ಶುರುವಾಯಿತು. ಈ ಕಡೆಯ ಪ್ರತಿ ತಾಲ್ಲೂಕಿಗೂ ಅಂಥದ್ದೊಂದು ಬೇಕು, ಗಾಡಿಗಳಿಗೆ ಜಿಪಿಎಸ್ ಬೇಕು.

ಇದೆಲ್ಲ ಆಗಲು ಸಮಯ ಹಿಡಿಯುತ್ತದೆ, ಗೊತ್ತು. ಒಂದು ಕೆಲಸವನ್ನು ಮಾತ್ರ ಕೂಡಲೇ ಮಾಡಬಹುದು. 2003ರ ಆದೇಶದ ನಂತರ ಈ ಜಲಾನಯನದಲ್ಲಿ ಒಪ್ಪಿಗೆ ಪಡೆದ ಬಡಾವಣೆಗಳು ಎಷ್ಟು, ಅವುಗಳಲ್ಲಿ ಎಸ್‌ಟಿಪಿ ನಿಜವಾಗಿ ಓಡುತ್ತಿರುವುದು ಎಷ್ಟು, ಪಿಟ್ ಮೇಲೆ ನಡೆಯುತ್ತಿರುವುದು ಎಷ್ಟು ಅನ್ನುವ ಪಟ್ಟಿಯನ್ನು ಸರ್ವೇ ನಂಬರ್ ಸಮೇತ ಪ್ರಕಟಿಸಿ. ಜಲಾಶಯದ ಪಂಪು ಚಾಲೂ ಆಗುವ ಮೊದಲು ಅದು ನಮ್ಮ ಕೈಯಲ್ಲಿರಲಿ.

ಇಂತಿ,
ಮಾಗಡಿ ರಸ್ತೆಯ ಒಬ್ಬ ನಿವಾಸಿ