ಬಿಡಲು ದಾರಿ ಇದ್ದರೆ ಬರಲು ಜನ ಇದ್ದಾರೆ

ಸಂಪಾದಕರೇ,

ನಿವಾಸಿಗಳ ಸಂಘಗಳ ಬಗ್ಗೆ ಕೇಳಿಬರುವ ದೂರು ಹೆಚ್ಚಾಗಿ ಎರಡೇ. ಪದಾಧಿಕಾರಿಗಳು ಕುರ್ಚಿ ಬಿಡುತ್ತಿಲ್ಲ ಅನ್ನುವುದು ಒಂದು. ಯಾರೂ ಮುಂದೆ ಬರುತ್ತಿಲ್ಲ ಅನ್ನುವುದು ಇನ್ನೊಂದು. ಕೆಲವು ವರ್ಷ ಇಂಥದ್ದೇ ಒಂದು ಸಂಘದ ಖಜಾಂಚಿಯಾಗಿದ್ದ ನನಗೆ ಇವೆರಡೂ ಒಂದೇ ದೂರು ಅನ್ನಿಸುತ್ತದೆ. ಒಳಗೆ ಹೋದರೆ ಹೊರಗೆ ಬರಲಾಗದು ಅಂತ ಗೊತ್ತಿದ್ದೂ ಯಾರು ತಾನೇ ಹೋಗುತ್ತಾರೆ?

ಸರ್ವಸದಸ್ಯರ ಸಭೆಯಲ್ಲಿ ನಡೆಯುವುದು ಎಲ್ಲರೂ ನೋಡಿದ್ದೇ. "ಮುಂದಿನ ಕಾರ್ಯದರ್ಶಿ ಯಾರು?" ಅಂದ ಕೂಡಲೇ ಎಲ್ಲರಿಗೂ ಫೋನಿನಲ್ಲಿ ಏನೋ ತುರ್ತು ಕೆಲಸ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು, "ಸರ್, ಈ ಒಂದು ವರ್ಷ ನೀವೇ ನೋಡ್ಕೊಂಡ್ಬಿಡಿ" ಅನ್ನುತ್ತಾರೆ. ಚಪ್ಪಾಳೆ. ಅವಿರೋಧ ಆಯ್ಕೆ. ಆ ಒಂದು ವರ್ಷ ಎಳೆದೆಳೆದು ಹತ್ತು ವರ್ಷ ಆಗುವುದೂ ಉಂಟು. ಅಷ್ಟರಲ್ಲಿ ಪಂಪಿನ ಗ್ಯಾರಂಟಿ ಕಾರ್ಡ್ ಎಲ್ಲಿದೆ, ಬ್ಯಾಂಕ್ ಖಾತೆಯ ಪಾಸ್‌ವರ್ಡ್ ಏನು, ಗುತ್ತಿಗೆದಾರನ ಜೊತೆ ಬಾಯಿಮಾತಲ್ಲಿ ಏನು ಒಪ್ಪಂದ ಆಗಿತ್ತು, ಹಳೇ ನಡಾವಳಿ ಪುಸ್ತಕ ಯಾರ ಮನೆಯ ಅಟ್ಟದಲ್ಲಿದೆ, ಎಲ್ಲ ಒಬ್ಬರ ತಲೆಯಲ್ಲೇ ಕೂತಿರುತ್ತದೆ. ಆಮೇಲೆ ಅವರಿಗೆ ಬಿಡಬೇಕೆಂದರೂ ಆಗದು, ಬೇರೆಯವರಿಗೆ ಬಿಡಿಸಬೇಕೆಂದರೂ ಆಗದು. ಅಭಿಮನ್ಯುವಿನ ಕಥೆಯೇ.

ಮೊದಲ ತಪ್ಪು ಇರುವುದು ಹುದ್ದೆಯಲ್ಲೇ. ಕಾರ್ಯದರ್ಶಿ ಅಂದರೆ ಬೈಲಾ ಪ್ರಕಾರ ಸಭೆ ಕರೆಯುವವರು, ನಡಾವಳಿ ಬರೆಯುವವರು, ಪತ್ರವ್ಯವಹಾರ ನೋಡುವವರು. ನಿಜದಲ್ಲಿ ಅವರೇ ನೀರು, ಕಸ, ಲಿಫ್ಟು, ಕಾವಲುಗಾರರ ರಜೆ, ಬೀದಿ ದೀಪ ಎಲ್ಲದಕ್ಕೂ ಹೊಣೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪಿನಲ್ಲಿ "ನಲ್ಲಿಯಲ್ಲಿ ನೀರಿಲ್ಲ, ಸಂಘ ಏನು ಮಾಡ್ತಿದೆ?" ಅಂತ ಮೆಸೇಜ್. ಆ ಸಂಘವೂ ಅದೇ ಹೊತ್ತಿಗೆ ಮಲಗುವ ಮನುಷ್ಯ, ಅಲ್ವಾ? ಸಂಬಳ ಕೊಟ್ಟು ಇಟ್ಟುಕೊಂಡ ಮ್ಯಾನೇಜರಿಗೂ ಈ ಹೊತ್ತಲ್ಲಿ ಹೀಗೆ ಕೇಳಲು ಜನ ಹಿಂದೆಮುಂದೆ ನೋಡುತ್ತಾರೆ.

ಆದರೆ ನಾನು ಕಂಡ ಹಾಗೆ ಒಳ್ಳೆಯವರು ಬಿಟ್ಟು ಹೋಗುವುದು ಕೆಲಸದ ಹೊರೆಗಿಂತ ಹೆಚ್ಚಾಗಿ ಹಗೆಯ ಕಾರಣಕ್ಕೆ. ಒಬ್ಬರು ಇನ್ನೊಬ್ಬರ ಜಾಗದಲ್ಲಿ ಕಾರು ನಿಲ್ಲಿಸಿದರು ಅನ್ನಿ. ಅಧ್ಯಕ್ಷರು ಹೋಗಿ ಹೇಳಬೇಕು. ಹೇಳಿದರೆ ಆ ಮನೆಯವರ ಜೊತೆ ಮಾತು ಬಂದ್. ಹೇಳದಿದ್ದರೆ "ಅವರ ಕಡೆಯವರು" ಅನ್ನುವ ಹೆಸರು. ಮರುದಿನ ಇಬ್ಬರೂ ಅದೇ ಮೆಟ್ಟಿಲಲ್ಲಿ ಎದುರಾಗುತ್ತಾರೆ. ಕಚೇರಿಯ ಜಗಳ ಕಚೇರಿಯಲ್ಲೇ ಬಿಟ್ಟು ಬರಬಹುದು, ಇದನ್ನು ಎಲ್ಲಿ ಬಿಡುವುದು?

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ, ಊರವರೇ ಸೇರಿ ಕಾಲುವೆ, ಕಾಡು, ಮೀನುಗಾರಿಕೆ ನೋಡಿಕೊಳ್ಳುವ ಕಡೆಗಳನ್ನು ಬಹಳ ಕಾಲ ಅಧ್ಯಯನ ಮಾಡಿದರು. ದೀರ್ಘಕಾಲ ಉಳಿದ ವ್ಯವಸ್ಥೆಗಳಲ್ಲಿ ಅವರಿಗೆ ಕಂಡ ಕೆಲವು ಗುಣಗಳು ನಮಗೆ ನೇರವಾಗಿ ಬೇಕಾದವು. ನಿಯಮ ಪಾಲಿಸಬೇಕಾದವರಿಗೆ ನಿಯಮ ಬದಲಿಸುವುದರಲ್ಲೂ ಮಾತಿರುತ್ತದೆ. ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ಜಾಸ್ತಿ. ಜಗಳ ಬಂದರೆ ಬೇಗ, ಖರ್ಚಿಲ್ಲದೆ ಬಗೆಹರಿಸಲು ಒಂದು ಜಾಗ. ನಮ್ಮ ಸಂಘಗಳಲ್ಲಿ ಇದನ್ನೇ ಬರೆದಿಟ್ಟರೆ, ಕಾರಿನ ವಿಷಯದಲ್ಲಿ ಮಾತಾಡುವುದು ಅಧ್ಯಕ್ಷರಲ್ಲ, ಎಲ್ಲರೂ ಕೈ ಎತ್ತಿ ಒಪ್ಪಿದ ನಿಯಮ. ಅಧ್ಯಕ್ಷರು ಅದನ್ನು ತಿಳಿಸಿದರಾಯಿತು, ಕೆಟ್ಟವರಾಗಬೇಕಿಲ್ಲ. ದೂರು ಕೇಳಲು ಕಮಿಟಿಯಲ್ಲಿಲ್ಲದ ಇಬ್ಬರು ಮೂವರು ಹಿರಿಯರು ಇದ್ದರಂತೂ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನು ಲೆಕ್ಕ. "ನಾವು ಸುಮ್ನೆ ಸೇವೆ ಮಾಡ್ತಿದ್ದೀವಿ, ನಮ್ಮನ್ನೇ ಲೆಕ್ಕ ಕೇಳ್ತೀರಾ?" ಅನ್ನುವ ಪದಾಧಿಕಾರಿಗಳಿದ್ದಾರೆ. ಕೇಳಲೇಬೇಕು. ಸಂಬಳ ಇಲ್ಲದಿರಬಹುದು, ಹಣ ಎಲ್ಲರದ್ದು. ಚೆಕ್ಕಿಗೆ ಇಬ್ಬರ ಸಹಿ, ತಿಂಗಳ ಜಮಾ ಖರ್ಚು ನೋಟಿಸ್ ಬೋರ್ಡಿನಲ್ಲಿ, ಕಮಿಟಿಯ ಹೊರಗಿನವರಿಂದ ಆಡಿಟ್, ಪದಾಧಿಕಾರಿಯ ನೆಂಟರಿಗೆ ಗುತ್ತಿಗೆ ಕೊಡುವುದಾದರೆ ಅವರು ಆ ತೀರ್ಮಾನದಿಂದ ಹೊರಗೆ. ಇದರಿಂದ ಮೊದಲು ಲಾಭ ಆಗುವುದು ಖಜಾಂಚಿಗೇ. ಗುಸುಗುಸು ಶುರುವಾದಾಗ ಬೋರ್ಡಿನ ಕಡೆ ಬೆರಳು ತೋರಿಸಿದರೆ ಸಾಕು.

ಸಭೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಣುಸ್ಥಾವರಕ್ಕೆ ಕೆಲವೇ ನಿಮಿಷದಲ್ಲಿ ಒಪ್ಪಿಗೆ ಕೊಟ್ಟು, ಸೈಕಲ್ ಶೆಡ್ಡಿನ ಬಗ್ಗೆ ಮುಕ್ಕಾಲು ಗಂಟೆ ವಾದ ಮಾಡುವ ಕಮಿಟಿಯನ್ನು 1957ರಲ್ಲೇ ಪಾರ್ಕಿನ್ಸನ್ ಎಂಬ ಬ್ರಿಟಿಷ್ ಇತಿಹಾಸಕಾರ ತಮಾಷೆಗೆ ಚಿತ್ರಿಸಿದ್ದರು. ಗೇಟಿನ ಬಣ್ಣದ ಚರ್ಚೆಯಲ್ಲಿ ಕೂತವರಿಗೆ ಅದು ತಮಾಷೆ ಅನ್ನಿಸಲಿಕ್ಕಿಲ್ಲ.

ಅವಧಿಗೆ ಮಿತಿ ಹಾಕಿ ಅಂದರೆ ಬರುವ ಉತ್ತರ ಒಂದೇ: "ಅನುಭವ ಇರೋರು ಹೋದ್ರೆ ಯಾರು ನೋಡ್ಕೋತಾರೆ?" ಹಳಬರು ಒಂದು ವರ್ಷ ಸಲಹೆಗಾರರಾಗಿ ಇರಲಿ, ಸಹಿ ಹಾಕುವ ಅಧಿಕಾರ ಮಾತ್ರ ಬೇಡ. ಎಲ್ಲರನ್ನೂ ಒಟ್ಟಿಗೆ ಬದಲಿಸುವ ಬದಲು ಪ್ರತಿ ವರ್ಷ ಅರ್ಧ ಕಮಿಟಿ ಬದಲಾಗಲಿ. ಕಾಗದಪತ್ರ, ಪಾಸ್‌ವರ್ಡ್, ಒಪ್ಪಂದಗಳ ಕಡತ ಮೊದಲ ದಿನದಿಂದಲೇ ಇಬ್ಬರ ಬಳಿ ಇರಲಿ. ಮನೆಯ ಯಜಮಾನನ ಹೆಸರೇ ಪಟ್ಟಿಯಲ್ಲಿ ಇರಬೇಕೆಂಬ ರೂಢಿಯೂ ಹೋಗಲಿ. ಕೆಲಸ ಮಾಡುವುದು ಹೆಂಗಸರು, ವೇದಿಕೆ ಮೇಲೆ ಕೂರುವುದು ಗಂಡಸರು ಅನ್ನುವ ಸಂಘಗಳು ಬೇಕಾದಷ್ಟಿವೆ. ಬಾಡಿಗೆದಾರರಿಗೆ ಮತ ಕೊಡದ ಬೈಲಾಗಳೂ ಇವೆ. ಮತ ಇಲ್ಲದಿದ್ದರೂ ಉಪಸಮಿತಿಯಲ್ಲಿ ಕೆಲಸ ಕೊಡಬಹುದಲ್ಲ.

ಈ ಸಲದ ವಾರ್ಷಿಕ ಸಭೆಯಲ್ಲಿ "ಕಾರ್ಯದರ್ಶಿ ಯಾರಾಗ್ತೀರಿ?" ಅಂತ ಶುರು ಮಾಡಬೇಡಿ. ಟ್ಯಾಂಕ್ ಸ್ವಚ್ಛ ಮಾಡಿಸುವುದು, ಆರು ತಿಂಗಳು. ಬಾಕಿ ವಸೂಲಿ ಪಟ್ಟಿ, ಮೂರು ತಿಂಗಳು. ಹೀಗೆ ಕೆಲಸವನ್ನೂ ಅದು ಮುಗಿಯುವ ತಾರೀಖನ್ನೂ ಒಟ್ಟಿಗೆ ಓದಿ, ಆಮೇಲೆ ಕೈ ಎತ್ತಲು ಹೇಳಿ.

— ಮಾಜಿ ಖಜಾಂಚಿ, ನಿವಾಸಿಗಳ ಸಂಘವೊಂದರ ಸದಸ್ಯ